ಹಾಡಬಹುದು, ಸುದ್ದಿ ಹೇಳುವಂತಿಲ್ಲ

ಸಮುದಾಯ ಬಾನುಲಿಯನ್ನು, ಅಂದರೆ ಸಂಘ ಸಂಸ್ಥೆಗಳು ಊರಿನವರ ಜೊತೆ ಸೇರಿ ನಡೆಸುವ ಸಣ್ಣ ರೇಡಿಯೊವನ್ನು, ಹೊಗಳಿದ ಬರಹ ಕಂಡಾಗ ನನಗೆ ಖುಷಿಯಾಗುತ್ತದೆ, ಜೊತೆಗೇ ಸಿಟ್ಟೂ ಬರುತ್ತದೆ. ಸಿಟ್ಟು ರೇಡಿಯೊ ಮೇಲಲ್ಲ, ಅದರ ಬಾಯಿಗೆ ಹಾಕಿರುವ ಬೀಗದ ಮೇಲೆ.

ನಮ್ಮ ದೇಶದಲ್ಲಿ ಸಮುದಾಯ ರೇಡಿಯೊ ತನ್ನದೇ ಸುದ್ದಿ ಪ್ರಸಾರ ಮಾಡುವಂತಿಲ್ಲ. ಬೇಕಿದ್ದರೆ ಆಕಾಶವಾಣಿಯ ಸುದ್ದಿಯನ್ನು ಹಾಗೇ ಹಾಕಬಹುದು. ನೀರು, ಕರೆಂಟಿನ ಬಗ್ಗೆ ಸ್ಥಳೀಯ ಆಡಳಿತ ಕೊಟ್ಟ ಪ್ರಕಟಣೆ ಓದಬಹುದು. ಅಂದರೆ ನಾಳೆ ನೀರು ಬರಲ್ಲ ಅಂತ ಹೇಳಬಹುದು. ಯಾಕೆ ಬರಲ್ಲ, ದುಡ್ಡು ಎಲ್ಲಿ ಹೋಯ್ತು ಅಂತ ವಿಚಾರಿಸಿ ವರದಿ ಮಾಡಿದರೆ ಅದು ಸುದ್ದಿ! ಹೋರಾಟಗಾರರಿಗೆ ದನಿ ಕೊಡುವ ಮಾಧ್ಯಮ ಇದು ಅಂತೀವಿ. ಅವರ ಕೆಲಸವೇ ಈ "ಯಾಕೆ" ಕೇಳೋದು ಅಲ್ವಾ?

ಪ್ರಸಾರಕ್ಕೆ ಬಳಸುವ ಗಾಳಿಯಲೆಗಳು ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಹಾಗಿದ್ದೂ 2003ರಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ "ನಮ್ಮ ಧ್ವನಿ" ಶುರುವಾದಾಗ ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಇರಲಿಲ್ಲ. ಅಲ್ಲಿನ ಜನ ಸುಮ್ಮನಾಗಲಿಲ್ಲ. ಟಿವಿ ಕೇಬಲ್ ಮೂಲಕವೇ ಮನೆಮನೆಗೆ ದನಿ ಮುಟ್ಟಿಸಿದರು. ಸಂಘ ಸಂಸ್ಥೆಗಳಿಗೆ ಬಾಗಿಲು ತೆರೆದಿದ್ದು 2006ರ ನೀತಿ. 2008ರಲ್ಲಿ ನಮ್ಮ ಬೀದರ್ ಗಡಿಯಾಚೆ, ಜಹೀರಾಬಾದ್ ಹತ್ತಿರದ ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳು ಸಂಘಂ ರೇಡಿಯೊ ಶುರು ಮಾಡಿದರು. ಬೆಂಗಳೂರಿನ ರೇಡಿಯೊ ಆಕ್ಟಿವ್‌ನಲ್ಲಿ ಚಿಂದಿ ಆಯುವವರು, ಟ್ರಾನ್ಸ್‌ಜೆಂಡರ್ ಸಮುದಾಯದವರು ಮೈಕ್ ಮುಂದೆ ಕೂತರು.

ಹಾಡಿನ ವಿಷಯದಲ್ಲಿ ಮಾತ್ರ ನಿಯಮ ಒಳ್ಳೆಯದೇ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಊರಿನವರೇ ಸೇರಿ ಮಾಡಿದ್ದಿರಬೇಕು. ಖಾಸಗಿ ಎಫ್‌ಎಂ ತಿರುಗಿಸಿ ನೋಡಿ, ಬೆಳಗಿಂದ ರಾತ್ರಿವರೆಗೂ ಸಿನಿಮಾ ಹಾಡು. ಸೋಬಾನೆ ಹಾಡುವ ಅಜ್ಜಿಗೆ, ಏಕತಾರಿ ಹಿಡಿದು ತತ್ವಪದ ಹೇಳುವವರಿಗೆ ಅಲ್ಲಿ ಜಾಗ ಎಲ್ಲಿದೆ? ಮಂಗಳೂರಿನ ರೇಡಿಯೊ ಸಾರಂಗ್‌ನಲ್ಲಿ ತುಳು, ಕೊಂಕಣಿ, ಬ್ಯಾರಿ ಎಲ್ಲಾ ಕೇಳುತ್ತೆ. ಯಾರೂ ತಮ್ಮ ಮಾತನ್ನು ಪಾಲಿಶ್ ಮಾಡಿಕೊಂಡು ಬರಬೇಕಿಲ್ಲ.

ಆದರೆ ಹಾಡು ಬೇರೆ, ಸುದ್ದಿ ಬೇರೆ ಅಂತ ನಮ್ಮಲ್ಲಿ ಯಾವಾಗ ಇತ್ತು ಹೇಳಿ. 1857ರಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲ್ಲ ಅಂದರು. ಬ್ರಿಟಿಷ್ ಸೈನ್ಯ ಊರಿಗೇ ಬೆಂಕಿ ಹಚ್ಚಿತು. ಆ ಕಥೆ ನಮ್ಮವರೆಗೆ ಬಂದಿದ್ದರಲ್ಲಿ ಲಾವಣಿಕಾರರ ಪಾಲು ದೊಡ್ಡದು. ಆ ಲಾವಣಿಯನ್ನು ಬರೆಸಿಕೊಂಡು ಅಚ್ಚು ಹಾಕಿಸಿದವನು ಫ್ಲೀಟ್, ಬ್ರಿಟಿಷ್ ಸರ್ಕಾರದ್ದೇ ಅಧಿಕಾರಿ! ಇವತ್ತು ಒಂದು ಗೀಗೀ ಮೇಳ ತಮ್ಮೂರಿನ ಕೆರೆ ಒತ್ತುವರಿ ಬಗ್ಗೆ ಪದ ಕಟ್ಟಿ ಹಾಡಿದರೆ ಅದನ್ನು ಯಾವ ಲೆಕ್ಕಕ್ಕೆ ಸೇರಿಸೋದು? ಲೈಸೆನ್ಸಿನ ಭಯ ಇರುವ ಸ್ಟೇಷನ್ನಿನವರು ಅಂಥ ಪದವನ್ನು ಬದಿಗಿಡುವುದೇ ಜಾಸ್ತಿ ಅಂತ ನನ್ನ ಅನುಮಾನ. ಅವರನ್ನು ಬೈಯೋದಕ್ಕೂ ಮನಸ್ಸು ಬರಲ್ಲ.

ಸುದ್ದಿಗೆ ಅವಕಾಶ ಕೊಟ್ಟರೆ ಸುಳ್ಳು ಹಬ್ಬುತ್ತೆ, ಜಗಳ ಹಚ್ಚುತ್ತಾರೆ ಅನ್ನುವವರಿದ್ದಾರೆ. ದಿನವಿಡೀ ಕಿರುಚುವ ಟಿವಿ ಚಾನೆಲ್ಲುಗಳಿಗೆ ಇಲ್ಲದ ಭಯ, ಹತ್ತು ಹದಿನೈದು ಕಿಲೋಮೀಟರ್ ಆಚೆಗೆ ಕೇಳಿಸದ ರೇಡಿಯೊಗೆ ಯಾಕೆ? ಪ್ರಸಾರವಾದದ್ದನ್ನೆಲ್ಲ ಮೂರು ತಿಂಗಳು ರೆಕಾರ್ಡ್ ಮಾಡಿ ಇಟ್ಟಿರಬೇಕು ಅನ್ನೋ ನಿಯಮ ಈಗಾಗಲೇ ಇದೆ. ಮೇಲಾಗಿ ಸುಳ್ಳು ಹೇಳಿದವನು ಮಾರನೇ ದಿನ ಅದೇ ಹೋಟೆಲಲ್ಲಿ ಟೀ ಕುಡೀಬೇಕು.

2024ರಲ್ಲಿ ಜಾಹೀರಾತಿನ ಸಮಯವನ್ನು ಗಂಟೆಗೆ 7 ನಿಮಿಷದಿಂದ 12ಕ್ಕೆ ಏರಿಸಿದರು. ಸರಿ, ಒಳ್ಳೆಯದೇ. ಆ ದುಡ್ಡಲ್ಲಿ ಹಾಡಲು ಬಂದವರಿಗೆ ಬಸ್ ಚಾರ್ಜು, ಸ್ವಲ್ಪ ಸಂಭಾವನೆ ಸಿಗಲಿ. ಸುದ್ದಿಯ ವಿಷಯದಲ್ಲಿ ಒಮ್ಮೆಗೇ ಎಲ್ಲಾ ಬಿಡೋಕೆ ಆಗಲ್ಲ ಅಂದರೆ ಗ್ರಾಮಸಭೆಯಿಂದಲೇ ಶುರು ಮಾಡಿ. ಅಲ್ಲಿ ಯಾರು ಏನು ಕೇಳಿದರು, ಪಿಡಿಒ ಏನು ಉತ್ತರ ಕೊಟ್ಟರು, ಅಷ್ಟನ್ನು ಊರಿನ ರೇಡಿಯೊ ವರದಿ ಮಾಡಲಿ.