ಪಿಕ್ನಿಕ್‌ಗೆ ಆನ್ ಹಾಕೋದಾ, ಫಾರ್ ಹಾಕೋದಾ?

ಕಳೆದ ಡಿಸೆಂಬರ್‌ನಲ್ಲಿ ರಜೆಗೆ ಊರಿಗೆ ಬಂದಿದ್ದೆ. ಕುಶಾಲನಗರದ ಅಕ್ಕನ ಮನೆಯಲ್ಲಿ ಕಾಫಿ ಲೋಟ ಕೈಗೆ ಬರುವ ಮೊದಲೇ ಅವಳ ಮಗಳು ನೋಟ್‌ಬುಕ್ ಹಿಡಿದು ಬಂದಳು.

"ಮಾವ, ನೀವು ಇಂಗ್ಲೆಂಡಲ್ಲಿ ಇರೋರು ಅಲ್ವಾ? ‘ವೆಂಟ್ ಆನ್ ಎ ಪಿಕ್ನಿಕ್’ ಸರಿನಾ, ‘ವೆಂಟ್ ಫಾರ್ ಎ ಪಿಕ್ನಿಕ್’ ಸರಿನಾ?"

ಶಾಲೆಯಿಂದ ದುಬಾರೆಗೆ ಹೋಗಿದ್ದರಂತೆ. ಅದರ ಮೇಲೆ ಪ್ರಬಂಧ ಬರೆಯಬೇಕು. "ಎರಡೂ ಸರಿ" ಅಂದೆ. ಇಷ್ಟು ಹೇಳೋಕೆ ವಿಮಾನ ಹತ್ತಿ ಬರಬೇಕಿತ್ತಾ ಅನ್ನೋ ಹಾಗೆ ನೋಡಿದಳು.

ಎರಡೂ ಸರಿಯೇ. ಅಮೆರಿಕದಲ್ಲಿರುವ ನನ್ನ ಗೆಳೆಯ ಯಾವಾಗಲೂ ‘ಆನ್’ ಅನ್ನುತ್ತಾನೆ. ‘ಆನ್ ಎ ಟ್ರಿಪ್’ ಇದ್ದ ಹಾಗೆ. ಅಲ್ಲಿ ಕಣ್ಣಿಗೆ ಬರುವುದು ಹೊರಟು ಹೋಗುವ ಸುತ್ತಾಟ. ಇಂಗ್ಲೆಂಡಿನ ನನ್ನ ಪಕ್ಕದ ಮನೆಯವರ ಬಾಯಲ್ಲಿ ಬರುವುದು ‘ಫಾರ್’. ‘ಫಾರ್ ಎ ವಾಕ್’, ‘ಫಾರ್ ಎ ಸ್ವಿಮ್’ ಅಂದ ಹಾಗೆ, ಯಾಕೆ ಹೋದದ್ದು ಅನ್ನುವುದು ಅಲ್ಲಿ ಮುಖ್ಯ. ಇದರಲ್ಲಿ ಜಗಳ ಆಡುವಂಥದ್ದು ಏನೂ ಇಲ್ಲ.

ಎಡವುವುದು ‘ಟು’ ಹಾಕಿದಾಗ. ಇಂಗ್ಲೆಂಡಿಗೆ ಹೋದ ಹೊಸದರಲ್ಲಿ ಒಂದು ಸೋಮವಾರ ಆಫೀಸಿನಲ್ಲಿ ‘ವಿ ವೆಂಟ್ ಟು ಎ ಪಿಕ್ನಿಕ್’ ಅಂದೆ. "ಯಾರದ್ದು?" ಅಂತ ಕೇಳಿದರು. ಯಾರದ್ದು ಅಂದ್ರೆ? ನಮ್ಮದೇ! ಆಮೇಲೆ ಗೊತ್ತಾಯಿತು, ‘ಟು’ ಅಂದರೆ ಯಾರೋ ಏರ್ಪಾಡು ಮಾಡಿ ಕರೆದದ್ದು, ನಾವು ಹೋಗಿ ಬಂದದ್ದು. ತಪ್ಪು ನನ್ನದಲ್ಲ, ನಮ್ಮ ‘ಗೆ’ಯದ್ದು. ಮಡಿಕೇರಿಗೆ, ಮದುವೆಗೆ, ಈಜೋದಕ್ಕೆ, ಪಿಕ್ನಿಕ್‌ಗೆ. ಕನ್ನಡದಲ್ಲಿ ಒಂದೇ ಪ್ರತ್ಯಯ ಎಲ್ಲ ಕಡೆಗೂ ಕರೆದುಕೊಂಡು ಹೋಗುತ್ತದೆ. ಇಂಗ್ಲಿಷಿನವರಿಗೆ ಬೇರೆ ಬೇರೆ ಟಿಕೆಟ್ ಬೇಕು.

ಆದರೆ ನನಗೆ ನಿಜವಾಗಿ ಪಾಠ ಕಲಿಸಿದ್ದು ಇದ್ಯಾವುದೂ ಅಲ್ಲ, ‘ಹ್ಯಾವ್ ಎ ಪಿಕ್ನಿಕ್’. ಒಂದು ದಿನ ಪಕ್ಕದ ಮನೆಯಾಕೆ ಬೇಲಿ ಆಚೆಯಿಂದ, "ನಾವು ಪಿಕ್ನಿಕ್ ಮಾಡ್ತಾ ಇದ್ದೇವೆ, ಬನ್ನಿ" ಅಂದರು. ನೋಡಿದರೆ ಅವರದ್ದೇ ಹಿತ್ತಲು. ಹುಲ್ಲಿನ ಮೇಲೆ ಕಂಬಳಿ, ಮೇಲೆ ಸ್ಯಾಂಡ್‌ವಿಚ್, ಸ್ಟ್ರಾಬೆರಿ. ಅಡುಗೆಮನೆ ಬಾಗಿಲು ಹತ್ತು ಹೆಜ್ಜೆ ದೂರ! ನಮ್ಮೂರಲ್ಲಿ ಕಾಫಿ ಒಣಗಿಸುವ ಕಣದಲ್ಲಿ ಚಾಪೆ ಹಾಸಿ ಉಂಡು, ಪಿಕ್ನಿಕ್ ಮಾಡಿದೆವು ಅಂದರೆ ಜನ ನಗೋದಿಲ್ವಾ?

ನಮ್ಮಲ್ಲಿ ಪಿಕ್ನಿಕ್ ಅಂದರೆ ಜಾಗ. ಅಬ್ಬಿ ಫಾಲ್ಸ್, ರಾಜಾಸೀಟ್, ನಿಸರ್ಗಧಾಮ, ಎಲ್ಲವೂ ‘ಪಿಕ್ನಿಕ್ ಸ್ಪಾಟ್’. ದಾರಿಯಲ್ಲಿ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬಂದರೂ ಅದು ಪಿಕ್ನಿಕ್ಕೇ. ಅವರಿಗೆ ಪಿಕ್ನಿಕ್ ಅಂದರೆ ಊಟ. ಹೊರಗೆ ಕೂತು ತಿನ್ನದಿದ್ದರೆ ಅದು ‘ಡೇ ಔಟ್’, ಶಾಲೆಯವರು ಕರೆದುಕೊಂಡು ಹೋದರೆ ‘ಸ್ಕೂಲ್ ಟ್ರಿಪ್’. ಮೂಲ ಫ್ರೆಂಚ್ ಪದವೂ ಊಟದ್ದೇ. 17ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ‘ಪಿಕ್-ನಿಕ್’ ಅಂದರೆ ಅವರವರ ಪಾಲು ಅವರವರೇ ಹಾಕಿ ಮಾಡುವ ಊಟ. 1802ರ ಸುಮಾರಿಗೆ ಲಂಡನ್ನಿನಲ್ಲಿ ಪಿಕ್ ನಿಕ್ ಸೊಸೈಟಿ ಅಂತಲೇ ಒಂದಿತ್ತು. ಅವರು ಕೂತು ಉಣ್ಣುತ್ತಿದ್ದದ್ದು, ನಾಟಕ ಆಡುತ್ತಿದ್ದದ್ದು ನಾಲ್ಕು ಗೋಡೆ ಒಳಗೆ. ಹುಲ್ಲು, ಹೊಳೆ ಎಲ್ಲ ಆಮೇಲೆ ಸೇರಿಕೊಂಡವು.

ಹಾಗೆ ನೋಡಿದರೆ ನಮ್ಮ ಹಳೆಯ ಪದಗಳೂ ಅವರ ಕಡೆಗೇ ಇವೆ. ಕಾರ್ತಿಕದಲ್ಲಿ ನೆಲ್ಲಿ ಮರದ ಕೆಳಗೆ ಮಾಡುವುದು ವನಭೋಜನ. ಮಹಡಿ ಮೇಲೆ ಕೂತರೆ ಬೆಳದಿಂಗಳೂಟ. ಎರಡರಲ್ಲೂ ಊಟ ಇದೆ, ಬಸ್ ಇಲ್ಲ. ಪಿಕ್ನಿಕ್ ಪದ ಬಂದ ಮೇಲೆ ನಾವು ಬಸ್ ಹತ್ತಿದ್ದು.

"ದುಬಾರೆಯಲ್ಲಿ ಊಟ ಎಲ್ಲಿ ಮಾಡಿದ್ರಿ?" ಅಂತ ಸೊಸೆಯನ್ನು ಕೇಳಿದೆ.

"ಹೋಟೆಲಲ್ಲಿ."

"ಹಾಗಾದ್ರೆ ಅದು ಪಿಕ್ನಿಕ್ ಅಲ್ಲ."

"ಮಾವ! ಹೆಡಿಂಗೇ ‘ಎ ಪಿಕ್ನಿಕ್’ ಅಂತ ಕೊಟ್ಟಿದ್ದಾರೆ!"

ಇದಕ್ಕೆ ಇದ್ದದ್ದು ಒಂದೇ ದಾರಿ. ಭಾನುವಾರ ಅಮ್ಮ ಚಿತ್ರಾನ್ನ, ಮೊಸರನ್ನ ಕಟ್ಟಿಕೊಟ್ಟರು. ಪಕ್ಕದ ಕೊಡವರ ಮನೆಯಿಂದ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ ಕಡುಬು, ಬಂತು. ಜೊತೆಗೆ ಏನಿತ್ತು ಅಂತ ಅಮ್ಮನಿಗೆ ಹೇಳಲಿಲ್ಲ. ಚಿಕ್ಲಿಹೊಳೆ ಅಣೆಕಟ್ಟಿಗೆ ಹೊರಟೆವು. ಕಾರಿನಲ್ಲಿ ಡಬ್ಬಿಗಳನ್ನು ಜೋಡಿಸುವಾಗ ತಲೆಗೆ ಹೊಳೆಯಿತು. ಇಂಗ್ಲೆಂಡಿನ ನಮ್ಮ ಪಕ್ಕದ ಮನೆಯಾಕೆ ‘ಪ್ಯಾಕ್ ಎ ಪಿಕ್ನಿಕ್’ ಅನ್ನುತ್ತಾರೆ, ‘ವಿ ಹ್ಯಾವ್ ಬ್ರಾಟ್ ಎ ಪಿಕ್ನಿಕ್’ ಅನ್ನುತ್ತಾರೆ. ಅಲ್ಲಿ ಪಿಕ್ನಿಕ್ ಅಂದರೆ ಬುಟ್ಟಿಯಲ್ಲಿರುವ ತಿಂಡಿಯೇ. ಅದು ನಮ್ಮ ಬುತ್ತಿ! ಬುತ್ತಿ ಕಟ್ಟು, ಬುತ್ತಿ ತಾ, ಬುತ್ತಿ ಬಿಚ್ಚು. ಇಷ್ಟು ವರ್ಷ ಆ ಮಾತು ಕೇಳಿದ್ದೇನೆ, ಒಂದು ದಿನವೂ ಬುತ್ತಿ ನೆನಪಾಗಿರಲಿಲ್ಲ.

ದಾರಿಯಲ್ಲಿ ಒಂದು ತೋಟದ ಅಂಚಿಗೆ ಕಾಫಿ ಕುಯ್ಯುವವರು ಮರದ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದ್ದರು. "ಅವರದ್ದೂ ಪಿಕ್ನಿಕ್ಕಾ?" ಅಂದಳು ಸೊಸೆ. ಬೆಳಗಿಂದ ಬಗ್ಗಿ ಎದ್ದು ಮೂಟೆ ಹೊರುವವರು ಅವರು. ‘ಇಟ್ಸ್ ನೋ ಪಿಕ್ನಿಕ್’ ಅನ್ನೋ ಮಾತಿದೆ, ಹುಡುಗಾಟದ ಕೆಲಸ ಅಲ್ಲ ಅಂತ ಅರ್ಥ, ಅದನ್ನು ಇಲ್ಲಿ ಹೇಳಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ನೆ ಕಿಟಕಿ ಹೊರಗೆ ನೋಡಿದಳು.

ಸ್ಪೆಲ್ಲಿಂಗ್ ವಿಷಯಕ್ಕೆ ಮಾತ್ರ ಅವಳೇ ನನಗೆ ಹೇಳಿಕೊಟ್ಟಳು. ‘ಪಿಕ್ನಿಕಿಂಗ್’ ಬರೆಯುವಾಗ ನಡುವೆ ಒಂದು ‘ಕೆ’ ಬೇಕಂತೆ, ಇಲ್ಲದಿದ್ದರೆ ಪಿಕ್ನಿಸಿಂಗ್ ಆಗುತ್ತದಂತೆ. ಅಂದ ಹಾಗೆ ಆ ಪದವನ್ನು ಇಂಗ್ಲೆಂಡಿನಲ್ಲಿ ಯಾರೂ ನನ್ನ ಹತ್ತಿರ ಆಡಿದ್ದು ನೆನಪಿಲ್ಲ. ಪ್ರಬಂಧಕ್ಕೆ ಅಂತಲೇ ಇರುವ ಪದ ಇರಬೇಕು.

ದುಬಾರೆ ಹೋಗಿ ಚಿಕ್ಲಿಹೊಳೆ ಬಂತು. ಪ್ರಬಂಧದ ಮೊದಲ ಸಾಲು, ‘ವಿ ಪ್ಯಾಕ್ಡ್ ಎ ಪಿಕ್ನಿಕ್’. ನಾನು ವಾಪಸ್ ಹೋದ ವಾರಕ್ಕೆ ವಾಟ್ಸ್ಯಾಪ್‌ನಲ್ಲಿ ಆ ಪುಟದ ಫೋಟೋ ಕಳಿಸಿದಳು. ಟೀಚರ್ ‘ಪಿಕ್ನಿಕ್’ಗೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ, ಮೇಲೆ ‘ಲಂಚ್’ ಅಂತ ತಿದ್ದಿದ್ದರು. ಅರ್ಧ ಮಾರ್ಕು ಹೋಗಿತ್ತು. ಕೆಳಗೆ ಸೊಸೆಯದ್ದು ಒಂದೇ ಸಾಲು: "ಮುಂದಿನ ಸಲ ಅಮೆರಿಕದ ಅಂಕಲ್‌ನ ಕೇಳ್ತೀನಿ."