ಮೂರು ಸಲ ರೀಸೆಟ್, ಒಂದು ಸಲವೂ ಹುಡುಕಾಟ ಇಲ್ಲ

ಊರಿನಿಂದ ಬಂದ ಹಲಸಿನ ಹಪ್ಪಳ ಕೊಡಲು ನಿನ್ನೆ ಮಾಟುಂಗದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಮುಲುಂಡಿಗೆ ವಾಪಸ್ ಬಂದಾಗ ರಾತ್ರಿ ಒಂಬತ್ತು. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕಮ್ಮನಿಗೆ 78. ಸಂಜೆ ನಾಲ್ಕಕ್ಕೆ ಕಾಫಿ ಲೋಟ ಹಿಡಿದು ಟಿವಿ ಮುಂದೆ ಕೂತರೆ ಯೂಟ್ಯೂಬಿನಲ್ಲಿ ತಾಳಮದ್ದಳೆ. ಅವರ ಇಡೀ ದಿನ ಅದರ ಸುತ್ತ ನಡೆಯುತ್ತದೆ. ಟಿವಿ ಹಳೆಯದು. ಇಂಟರ್ನೆಟ್ ವಿಡಿಯೋ ಟಿವಿಯಲ್ಲಿ ತೋರಿಸುವ, ಮಗ ತಂದುಕೊಟ್ಟ ಸ್ಟ್ರೀಮಿಂಗ್ ಸ್ಟಿಕ್ ಹಿಂದೆ ಸಿಕ್ಕಿಸಿದೆ. ಹದಿನೈದು ದಿನದಿಂದ ಅದು ನಾಲ್ಕು ನಿಮಿಷ ಓಡುತ್ತಿತ್ತು, ಆಮೇಲೆ ಚಕ್ರ ತಿರುಗುತ್ತಿತ್ತು, ಕೊನೆಗೆ ನೆಟ್‌ವರ್ಕ್ ಇಲ್ಲ ಅಂತ ಬರುತ್ತಿತ್ತು.

ದೂರು ಕೊಟ್ಟರು. ಇಂಟರ್ನೆಟ್ ಹುಡುಗ ಮೂರು ಸಲ ಬಂದ. ಮೊದಲ ಸಲ ರೌಟರ್ ರೀಸೆಟ್. ಎರಡನೇ ಸಲ ಸ್ಟಿಕ್ ರೀಸೆಟ್. ಮೂರನೇ ಸಲ ಎರಡೂ. "ಹೋ ಗಯಾ ಆಂಟಿ" ಅಂದ, ಹೊರಟ. ಅವನು ಮೆಟ್ಟಿಲು ಇಳಿಯುವಷ್ಟರಲ್ಲಿ ಮೊಬೈಲಿಗೆ ಸಂದೇಶ: ನಿಮ್ಮ ದೂರು ಬಗೆಹರಿದಿದೆ. ಮಾರನೇ ದಿನ ಸಂಜೆ ನಾಲ್ಕಕ್ಕೆ ಮತ್ತೆ ಅದೇ ಚಕ್ರ. ಕಸ್ಟಮರ್ ಕೇರಿನವರು 100 ಎಂಬಿಪಿಎಸ್ ವೇಗ ಸಾಲದು, 200ರ ಪ್ಲಾನ್ ಹಾಕಿಸಿ ಅಂದರು. ಮಗ ವಿಡಿಯೋ ಕಾಲಿನಲ್ಲಿ, ಹೊಸ ಸ್ಟಿಕ್ ಆರ್ಡರ್ ಮಾಡ್ತೇನೆ ಬಿಡಮ್ಮ ಅಂದ.

ಚಿಕ್ಕಮ್ಮ ನನಗೆ ಹೇಳಿದ್ದು ಇಷ್ಟೇ: "ನಾನೇ ಏನೋ ತಪ್ಪು ಒತ್ತಿದೆ ಕಾಣ್ತದೆ ಮಾರಾಯ."

ನನಗೆ ತಡೆಯಲಾಗದ್ದು ಈ ಮಾತು. ಹದಿನೈದು ದಿನ ಅವರು ತಮ್ಮದೇ ತಪ್ಪು ಅಂತ ನಂಬಿ ಕೂತಿದ್ದರು. ಯಾಕೆಂದರೆ ಬಂದವರಲ್ಲಿ ಒಬ್ಬರೂ ತೊಂದರೆ ಎಲ್ಲಿದೆ ಅಂತ ಹುಡುಕಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ನಾನು ಟೆಲಿಫೋನ್ ಲೈನಿನ ಕೆಲಸದಲ್ಲೇ ತಲೆ ಬೆಳ್ಳಗಾದವನು, ನಿಮಗೆಲ್ಲ ಗೊತ್ತು. ನಮಗೆ ಮೊದಲು ಕಲಿಸಿದ್ದು ಲೈನನ್ನು ತುಂಡು ತುಂಡು ಮಾಡಿ ನೋಡುವುದನ್ನು. ರಸ್ತೆ ಬದಿಯ ಪೆಟ್ಟಿಗೆ, ಅಂದರೆ ಪಿಲ್ಲರ್‌ವರೆಗೆ ಸರಿಯಿದೆಯಾ? ಮನೆ ಹತ್ತಿರದ ಸಣ್ಣ ಪೆಟ್ಟಿಗೆ, ಅಂದರೆ ಡಿಪಿವರೆಗೆ ಬಂತಾ? ಹಾಗಾದರೆ ತೊಂದರೆ ಡಿಪಿಗೂ ಮನೆಗೂ ನಡುವೆ. ವೈಫೈ ಬಂದರೂ ಈ ಲೆಕ್ಕ ಬದಲಾಗಿಲ್ಲ. ಹೊರಗಿನ ಫೈಬರ್, ಮನೆಯ ರೌಟರ್, ರೌಟರಿನಿಂದ ಟಿವಿವರೆಗಿನ ಗಾಳಿ, ಆಮೇಲೆ ಸ್ಟಿಕ್. ಇರುವುದು ನಾಲ್ಕೇ ತುಂಡು.

ನಾನು ಮೊದಲು ಕೇಳಿದ್ದು, ಹದಿನೈದು ದಿನದ ಹಿಂದೆ ಮನೆಯಲ್ಲಿ ಏನಾದರೂ ಬದಲಾಯಿತಾ ಅಂತ. ಚಿಕ್ಕಮ್ಮ ತಕ್ಷಣ ಹೇಳಿದರು: "ಹಾಲಿಗೆ ಪೇಂಟ್ ಹೊಡೆಸಿದ್ದು."

ಬಾಗಿಲ ಮೇಲಿನ ಮೊಳೆಗೆ ತೂಗಿದ್ದ ರೌಟರನ್ನು ಪೇಂಟಿನವರು ತೆಗೆದು ಒಳಕೋಣೆಯಲ್ಲಿ ಇಟ್ಟಿದ್ದರು. ಎಲ್ಲಿ? ಕಬ್ಬಿಣದ ಕಪಾಟಿನ ಮೇಲೆ, ಹಳೆಯ ಸೂಟ್‌ಕೇಸಿನ ಹಿಂದೆ. ಅದು ಮಾಟುಂಗದ ಹಳೇ ಕಟ್ಟಡ, ಗೋಡೆ ಒಂದು ಮೊಳ ದಪ್ಪ. ಎಲ್‌ಒಎಸ್ ಅಂತ ಬರೆದಿರುವ ದೀಪ ಕೆಂಪಾಗಿರಲಿಲ್ಲ. ಅಂದರೆ ಹೊರಗಿನ ಫೈಬರ್ ಸರಿಯಿದೆ. ಮೊಬೈಲ್ ಡೇಟಾ ಬಂದ್ ಮಾಡಿ, ವೈಫೈನಲ್ಲಿ ರೌಟರಿನ ಪಕ್ಕ ನಿಂತು ಒಂದು ವಿಡಿಯೋ ಹಾಕಿದೆ. ನೀರಿನ ಹಾಗೆ ಓಡಿತು. ಅದೇ ಮೊಬೈಲನ್ನು ಟಿವಿಯ ಹಿಂದೆ, ಸ್ಟಿಕ್ ಇರುವ ಜಾಗದಲ್ಲಿ ಹಿಡಿದೆ. ಒಂದೇ ಗೆರೆ ಸಿಗ್ನಲ್, ವಿಡಿಯೋ ನಿಂತಿತು. ಸ್ಟಿಕ್ಕನ್ನು ಮುಟ್ಟುವ ಮೊದಲೇ ಉತ್ತರ ಸಿಕ್ಕಿತ್ತು. ಲೈನೂ ಕೆಟ್ಟಿಲ್ಲ, ಸ್ಟಿಕ್ಕೂ ಕೆಟ್ಟಿಲ್ಲ. ನಡುವಿನ ದಾರಿ ಮುಚ್ಚಿಹೋಗಿತ್ತು.

ಇದಕ್ಕೆ 200ರ ಪ್ಲಾನ್ ಏನು ಮಾಡುತ್ತದೆ? ಎಚ್‌ಡಿ ವಿಡಿಯೋ ನೋಡಲು ಸುಮಾರು 5 ಎಂಬಿಪಿಎಸ್ ಸಾಕು. ರೌಟರಿಗೆ ನೂರು ಬಂದರೂ ಇನ್ನೂರು ಬಂದರೂ ಟಿವಿಯ ಹಿಂದೆ ಮುಟ್ಟದಿದ್ದರೆ ಏನು ಪ್ರಯೋಜನ? ಪಿಂಚಣಿಯಲ್ಲಿ ಬದುಕುವ ಹೆಂಗಸಿಗೆ ಇದನ್ನು ಮಾರಲು ಹೊರಟಿದ್ದರು. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಮಗ ಕೊಟ್ಟ ಸ್ಟಿಕ್ಕಿನ ಡಬ್ಬಿ ಎಲ್ಲಿ ಅಂತ ಕೇಳಿದೆ. ದೇವರ ಕಪಾಟಿನ ಕೆಳಗಿನ ಖಾನೆಯಲ್ಲಿ ಬಿಲ್ಲಿನ ಜೊತೆ ಜೋಪಾನವಾಗಿ ಇತ್ತು. ಒಳಗೆ ಗೇಣುದ್ದವೂ ಇಲ್ಲದ ಒಂದು ಕಪ್ಪು ಎಚ್‌ಡಿಎಂಐ ತುಂಡು ಕೇಬಲ್, ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ. ಜೊತೆಗೆ ಒಂದು ಅಡಾಪ್ಟರ್, ಅದೂ ಹಾಗೇ. ಸ್ಟಿಕ್ಕನ್ನು ನೇರವಾಗಿ ಟಿವಿಗೆ ಚುಚ್ಚಿ, ಕರೆಂಟನ್ನು ಟಿವಿಯ ಯುಎಸ್‌ಬಿಯಿಂದ ಕೊಟ್ಟಿದ್ದರು. ಹಳೇ ಟಿವಿಗಳ ಯುಎಸ್‌ಬಿ ಕೊಡುವುದು ಸಾಮಾನ್ಯವಾಗಿ ಅರ್ಧ ಆಂಪಿಯರ್. ಇಂಥ ಎಷ್ಟೋ ಸ್ಟಿಕ್ಕುಗಳಿಗೆ ಒಂದು ಆಂಪಿಯರ್ ಬೇಕು. ಅಷ್ಟು ಸಿಗದಿದ್ದರೆ ನಡುವೆ ಬಂದ್ ಆಗುತ್ತದೆ, ವೈಫೈ ಬಿಡುತ್ತದೆ. ಮೇಲಾಗಿ ಟಿವಿಯ ಬೆನ್ನು, ಗೋಡೆಯ ಕಬ್ಬಿಣದ ಸ್ಟ್ಯಾಂಡು, ಇವೆರಡರ ನಡುವೆ ಸಿಕ್ಕಿಕೊಂಡ ಸ್ಟಿಕ್ಕಿಗೆ ಸಿಗ್ನಲ್ ಎಲ್ಲಿಂದ ಬರಬೇಕು? ಆ ತುಂಡು ಕೇಬಲ್ ಇರುವುದೇ ಸ್ಟಿಕ್ಕನ್ನು ಸ್ವಲ್ಪ ಹೊರಗೆ ಇಳಿಬಿಡಲು.

ತುಂಡು ಕೇಬಲ್ಲನ್ನೂ ಅಡಾಪ್ಟರನ್ನೂ ಹಾಕಿದೆ. ರೌಟರ್ ಮತ್ತೆ ಬಾಗಿಲ ಮೇಲಿನ ಮೊಳೆಗೆ ಹೋಯಿತು. ಫೈಬರ್ ವಯರನ್ನು ಮಡಚದೆ ದೊಡ್ಡ ಸುತ್ತಾಗಿ ಬಿಟ್ಟೆ, ಮಡಚಿದರೆ ಒಳಗಿನ ಬೆಳಕು ಸೋರುತ್ತದೆ. ರೌಟರ್ ಬಿಡುವ ಎರಡು ಬಗೆಯ ವೈಫೈ ಅಲೆಗಳಿಗೆ, 5 ಗಿಗಾಹರ್ಟ್ಸ್‌ಗೂ 2.4ಕ್ಕೂ, ಬೇರೆ ಬೇರೆ ಹೆಸರು ಕೊಟ್ಟೆ. 5 ವೇಗ ಜಾಸ್ತಿ, ಆದರೆ ಗೋಡೆ ದಾಟುವಾಗ ಸೋಲುತ್ತದೆ. 2.4 ದೂರ ಹೋಗುತ್ತದೆ, ಆದರೆ ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್, ಅಂದರೆ ಅಲೆ ಹೋಗುವ ದಾರಿ, ಮೂರೇ, 1, 6 ಮತ್ತು 11. ಮುಂಬೈಯ ಬಿಲ್ಡಿಂಗಿನಲ್ಲಿ ಅಕ್ಕಪಕ್ಕದ ಹತ್ತಾರು ರೌಟರ್ ಆ ಮೂರರ ಮೇಲೆಯೇ ಬೀಳುತ್ತವೆ. ಸಂಜೆ ಎಲ್ಲರೂ ಟಿವಿ ಹಾಕಿದಾಗ ತೊಂದರೆ ಜಾಸ್ತಿ ಆಗುವುದಕ್ಕೆ ಇದೂ ಒಂದು ಕಾರಣ. ಈಗ ರೌಟರ್ ಹಾಲಿನಲ್ಲೇ ಇರುವುದರಿಂದ ಸ್ಟಿಕ್ಕನ್ನು 5ಕ್ಕೆ ಜೋಡಿಸಿದೆ.

ಇಷ್ಟಕ್ಕೆ ಹಿಡಿದದ್ದು ಅರ್ಧ ಗಂಟೆ. ಅಳಿಸಿಹೋದ ಅಕೌಂಟು, ಪಾಸ್‌ವರ್ಡುಗಳನ್ನು ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಮತ್ತೆ ಹಾಕಲು ಒಂದು ಗಂಟೆಗಿಂತ ಜಾಸ್ತಿ. ಆ ಒಂದು ಗಂಟೆ ರೀಸೆಟ್ ಕೊಟ್ಟ ಬಳುವಳಿ.

ರೀಸ್ಟಾರ್ಟ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದಲ್ಲ ಅಂತ ಕೆಲವರು ಹೇಳುತ್ತೀರಿ, ಗೊತ್ತು. ಹೋಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಸ್ಟಿಕ್ ರೌಟರಿನಿಂದ ಹೊಸದಾಗಿ ಐಪಿ ವಿಳಾಸ ಕೇಳಿ ಪಡೆಯುತ್ತದೆ, ಸಣ್ಣಪುಟ್ಟ ಗೊಂದಲ ತೀರುತ್ತದೆ. ಆದರೆ ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಒಂದು ನಿದ್ದೆ ಮಾಡಿಸಿ ಎಬ್ಬಿಸುವುದು. ಇನ್ನೊಂದು ಎಲ್ಲ ನೆನಪನ್ನೂ ಅಳಿಸುವುದು. ರೀಸ್ಟಾರ್ಟ್ ಮಾಡಿದ ಮಾರನೇ ದಿನ ಅದೇ ತೊಂದರೆ ಬಂತು ಅಂದರೆ ಕಾರಣ ಬೇರೆಲ್ಲೋ ಇದೆ ಅಂತಲೇ ಅರ್ಥ. ಆಗಲೂ ಹುಡುಕದೆ ರೀಸೆಟ್ ಒತ್ತುವುದು ಕೆಲಸಗಳ್ಳತನ.

2025ರ ಮಾರ್ಚ್ ನೆನಪಿದೆಯಾ? ಇಂಥದೇ ಕೆಲಸ ಮಾಡುವ, ಗೂಗಲ್ಲಿನ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಜಗತ್ತಿನಲ್ಲೆಲ್ಲ ಒಟ್ಟಿಗೇ ನಿಂತುಹೋದವು. ಒಳಗಿನ ಒಂದು ಡಿಜಿಟಲ್ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ಫ್ಯಾಕ್ಟರಿ ರೀಸೆಟ್ ಮಾಡಬೇಡಿ ಅಂತ ಗೂಗಲ್ಲೇ ಹೇಳಿತು. ಸುಮ್ನೆ ಕಾದವರಿಗೆ ಕೆಲವು ದಿನದಲ್ಲಿ ಅಪ್‌ಡೇಟ್ ಬಂದು ಸರಿಹೋಯಿತು. ಅವಸರಪಟ್ಟು ರೀಸೆಟ್ ಒತ್ತಿದವರು ಮತ್ತೆ ಸೆಟಪ್ ಮಾಡಲಾಗದೆ ಒದ್ದಾಡಿದರು.

ಒಂದು ವಿಷಯ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಮಳೆಗಾಲ, ಘಾಟ್‌ಕೋಪರಿನ ಒಬ್ಬ ಅಜ್ಜನ ಫೋನು ಸತ್ತಿತ್ತು. ಕೇಬಲಿನ ಜಾಯಿಂಟಿಗೆ ನೀರು ನುಗ್ಗಿರುತ್ತದೆ ಅಂತ ನನಗೆ ಗೊತ್ತಿತ್ತು. ಮಳೆಯಲ್ಲಿ ಹೋಗಲು ಮನಸ್ಸಾಗದೆ ಪುಸ್ತಕದಲ್ಲಿ ಟೆಸ್ಟೆಡ್ ಓಕೆ ಅಂತ ಬರೆದೆ. ಎರಡು ಸಲ ಬರೆದೆ. ಮೂರನೇ ಸಲ ಹೋದಾಗ ಅಜ್ಜ ಬೈಯಲಿಲ್ಲ. ತಾವು ರಿಸೀವರ್ ಇಡುವ ರೀತಿಯೇ ಸರಿ ಇಲ್ಲವೇನೋ ಅಂತ ಹಿಂದಿಯಲ್ಲಿ ಮೆಲ್ಲಗೆ ಕೇಳಿದರು. ನಿನ್ನೆ ಚಿಕ್ಕಮ್ಮ ಆಡಿದ್ದು ಅದೇ ಮಾತು. ಕೈಯಲ್ಲಿದ್ದ ಕಾಫಿ ಕುಡಿಯಲಾಗಲಿಲ್ಲ ನನಗೆ.

ಹೊರಡುವ ಮೊದಲು ಒಂದು ಚೀಟಿ ಬರೆದು ಟಿವಿಯ ಪಕ್ಕ ಅಂಟಿಸಿ ಬಂದೆ. ಕೆಂಪು ದೀಪ ಇದ್ದರೆ ಕಂಪನಿಗೆ ಫೋನು. ಇಲ್ಲದಿದ್ದರೆ ಸ್ಟಿಕ್ಕಿನ ಸ್ವಿಚ್ ತೆಗೆದು ಒಂದು ನಿಮಿಷ ಬಿಟ್ಟು ಹಾಕುವುದು. ಆಗಲೂ ಬಾರದಿದ್ದರೆ ನನಗೆ ಫೋನು. ಕೊನೆಗೆ ದಪ್ಪ ಅಕ್ಷರದಲ್ಲಿ, ಯಾರಿಗೂ ರೀಸೆಟ್ ಮಾಡಲು ಬಿಡಬೇಡಿ. ವೈಫೈ ಪಾಸ್‌ವರ್ಡನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ.

ಮುಲುಂಡಿನಿಂದ ಮಾಟುಂಗದ ನಡುವೆ ಯಾರ ಮನೆಯಲ್ಲಾದರೂ ಹಿರಿಯರು ಹೀಗೆ ಟಿವಿ ಮುಂದೆ ಸುಮ್ಮನೆ ಕೂತಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಶನಿವಾರ ಮಧ್ಯಾಹ್ನ ನಾನು ಖಾಲಿ ಇರುತ್ತೇನೆ. ಸ್ಟಿಕ್ಕಿನ ಡಬ್ಬಿ ಮಾತ್ರ ಬಿಸಾಡಬೇಡಿ.