ಏಳನೇ ನಂಬರಿನ ಚೀಲ

ನಮ್ಮ ಮನೆಯ ಒಂದು ಬೀರುವಿನ ಬಾಗಿಲನ್ನು ಮೊಣಕಾಲಿನಿಂದ ಒತ್ತಿಕೊಂಡೇ ತೆಗೆಯಬೇಕು. ಇಲ್ಲದಿದ್ದರೆ ಒಳಗಿನದ್ದೆಲ್ಲ ಮೈಮೇಲೆ ಬೀಳುತ್ತದೆ. ಒಳಗಿರುವುದು ನಾನು ಶುರು ಮಾಡಿ ಮುಗಿಸದೇ ಬಿಟ್ಟ ಕ್ವಿಲ್ಟ್‌ಗಳು. ಕೌದಿ ಅನ್ನಬಹುದಿತ್ತು. ಆದರೆ ಕೌದಿ ಅಂದರೆ ಹೊದ್ದುಕೊಳ್ಳುವ ವಸ್ತು. ನನ್ನವನ್ನು ಇವತ್ತಿನವರೆಗೆ ಯಾರೂ ಹೊದ್ದಿಲ್ಲ.

ನಾನು ಎಣಿಸಿದಾಗ 19 ಇದ್ದವು. ನನ್ನ ಗಂಡ ಎಣಿಸಿದಾಗ 23. ಬಟ್ಟೆ ಕತ್ತರಿಸಿಟ್ಟು ಒಂದು ಹೊಲಿಗೆಯನ್ನೂ ಹಾಕದ್ದನ್ನು ನಾನು 'ಇನ್ನೂ ಶುರುವಾಗಿಲ್ಲ' ಅಂತ ಲೆಕ್ಕದಿಂದ ಬಿಟ್ಟಿದ್ದೆ. ಅವರು ಬಿಟ್ಟಿರಲಿಲ್ಲ. ಲೆಕ್ಕದ ವಿಷಯದಲ್ಲಿ ಅವರಿಗೆ ಕರುಣೆ ಕಡಿಮೆ.

ಇದರಲ್ಲಿ ನನ್ನ ತಪ್ಪೊಂದೇ ಇಲ್ಲ. ಕ್ವಿಲ್ಟ್ ಅನ್ನುವುದರ ರಚನೆಯೇ ಹಾಗಿದೆ. ಅದಕ್ಕೆ ಮೂರು ಪದರ. ಮೇಲೆ ತುಂಡು ತುಂಡು ಬಟ್ಟೆ ಜೋಡಿಸಿದ ಚಂದದ ಪದರ, ನಡುವೆ ಹತ್ತಿಯ ಪದರ, ಕೆಳಗೆ ಅಸ್ತರು. ಬಣ್ಣ, ವಿನ್ಯಾಸ, ಸಂತೋಷ ಎಲ್ಲ ಮೇಲಿನ ಪದರದಲ್ಲೇ ಮುಗಿದುಹೋಗುತ್ತದೆ. ಆಮೇಲೆ ಉಳಿಯುವುದು ಕೂಲಿ ಕೆಲಸ. ಮೂರನ್ನೂ ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಬೇಕು. ಮಂಡಿಯೂರಿ, ಅಂಗೈಯಗಲಕ್ಕೆ ಒಂದರಂತೆ ಪಿನ್ನು ಚುಚ್ಚಬೇಕು. ಮೂರನ್ನೂ ಸೇರಿಸಿ ಹೊಲಿಯಬೇಕು. ಕೊನೆಗೆ ಸುತ್ತಲೂ ಅಂಚುಪಟ್ಟಿ ಕಟ್ಟಬೇಕು. ನೆಲದಿಂದ ಎದ್ದೇಳುವಾಗ ಮಂಡಿ ಮಾಡುವ ಸದ್ದು ಕೇಳಿದರೆ, ಹೊಸದೊಂದು ಮೇಲ್ಪದರ ಶುರು ಮಾಡುವುದೇ ಆರೋಗ್ಯಕರ ಅನ್ನಿಸುತ್ತದೆ. ಅಲ್ವಾ?

ಇನ್ನೊಂದು ಕಾರಣ ಇತಿಹಾಸದಲ್ಲಿದೆ. ಮೊದಲೆಲ್ಲ ಒಂದೊಂದು ತುಂಡಿಗೂ ಅಚ್ಚು ಇಟ್ಟು, ಗೆರೆ ಎಳೆದು, ಕತ್ತರಿಯಲ್ಲಿ ಕತ್ತರಿಸಬೇಕಿತ್ತು. 1979ರಲ್ಲಿ ಜಪಾನಿನ ಒಂದು ಕಂಪನಿ ಚಕ್ರದಂತೆ ಉರುಳುವ ಅಲಗಿನ ಕಟರ್ ಹೊರತಂದಿತು. ಈಗ ನಾಲ್ಕು ಪದರ ಬಟ್ಟೆಯನ್ನು ಒಂದೇ ಎಳೆತಕ್ಕೆ ಕತ್ತರಿಸಬಹುದು. ಒಂದು ಮಧ್ಯಾಹ್ನದಲ್ಲಿ ಇಡೀ ಹಾಸಿಗೆಯಳತೆಯ ಕ್ವಿಲ್ಟ್‌ಗೆ ಬೇಕಾದ ತುಂಡುಗಳು ತಯಾರು. ಕತ್ತರಿಸುವ ವೇಗ ಹೆಚ್ಚಿತು, ಹೊಲಿಯುವ ನಾನು ಅದೇ ನಾನು. ನಮ್ಮ ಬೀರು ತುಂಬಿದ್ದು ಹೀಗೆ.

ಬೀರು ಖಾಲಿ ಮಾಡಲು ನಾನು ಹುಡುಕಿಕೊಂಡ ಉಪಾಯ, ಹೊಲಿಗೆಯ ಗುಂಪಿಗೆ ಸೇರುವುದು. ನಾಲ್ಕು ಜನರ ಜೊತೆ ಕೂತರೆ ನಾಚಿಕೆಗಾದರೂ ಮುಗಿಸುತ್ತೇನೆ ಅಂದುಕೊಂಡೆ. ಸೋಮವಾರದ ಗುಂಪಿಗೆ ಸೇರಿದೆ. ಅಲ್ಲಿ ಎಲ್ಲರೂ ಮಾತಾಡುತ್ತಾರೆ. ನಾನೂ ಮಾತಾಡಿದೆ. ಕೈಗೆ ಕೆಲಸ ಬೇಕು ಅಂತ ಗುರುವಾರದ ಗುಂಪಿಗೆ ಸೇರಿದೆ. ಅಲ್ಲಿದ್ದ ಒಬ್ಬರು ತಿಂಗಳಿಗೊಮ್ಮೆ ಸೇರುವ ಮೂರನೆಯ ಗುಂಪಿನಲ್ಲೂ ಇದ್ದರು. "ಸುಮ್ನೆ ಒಂದ್ಸಲ ಬಂದು ನೋಡಿ" ಅಂದರು. ಸುಮ್ನೆ ಹೋದೆ. ಬರುವಾಗ ಕೈಯಲ್ಲಿ ಎರಡು ಹೊಸ ಕೆಲಸ ಇದ್ದವು.

ಗುರುವಾರದ ಗುಂಪಿನದ್ದು ಗುಟ್ಟಿನ ಕ್ವಿಲ್ಟ್. ತಿಂಗಳಿಗೊಂದು ಚೀಟಿ ಕೊಡುತ್ತಾರೆ. ಅದರಲ್ಲಿ ಹೇಳಿದಷ್ಟು ಮಾತ್ರ ಹೊಲಿಯಬೇಕು. ಕೊನೆಯ ಚೀಟಿ ಬರುವವರೆಗೆ ಏನಾಗುತ್ತಿದೆ ಅಂತ ಯಾರಿಗೂ ತಿಳಿಯಬಾರದು. ಮೊದಲ ಚೀಟಿಯಲ್ಲೇ ನಾನು 'ಗಾಢ' ಮತ್ತು 'ತಿಳಿ' ಅದಲುಬದಲು ಓದಿಕೊಂಡು 96 ಚೌಕ ಕತ್ತರಿಸಿದೆ. ಎಲ್ಲರದ್ದೂ ಈಗ ಕಪ್ಪು ಆಕಾಶದಲ್ಲಿ ಬೆಳ್ಳಿ ನಕ್ಷತ್ರಗಳಾಗುತ್ತಿವೆ. ನನ್ನದು ಬಿಳಿ ಬಟ್ಟೆಯ ಮೇಲೆ ಮಸಿ ಚೆಲ್ಲಿದಂತೆ ಬರುತ್ತಿದೆ. ಏನಾಗುತ್ತಿದೆ ಅಂತ ತಿಳಿಯಬಾರದು ಅನ್ನುವ ನಿಯಮವನ್ನು ಅಕ್ಷರಶಃ ಪಾಲಿಸುತ್ತಿರುವವಳು ನಾನೊಬ್ಬಳೇ.

ಸೋಮವಾರದವರು ಒಮ್ಮೆ 'ಕೆಟ್ಟ ಬಟ್ಟೆಯ ಚಾಲೆಂಜ್' ಇಟ್ಟರು. ಪ್ರತಿಯೊಬ್ಬರೂ ತಮ್ಮಲ್ಲಿರುವ ಅತಿ ಕೆಟ್ಟ ಬಟ್ಟೆಯನ್ನು ಕಾಗದದ ಚೀಲದಲ್ಲಿ ತರಬೇಕು. ಚೀಲಗಳು ಅದಲುಬದಲಾಗುತ್ತವೆ. ಸಿಕ್ಕಿದ ಬಟ್ಟೆ ಎದ್ದು ಕಾಣುವಂತೆ ಏನಾದರೂ ಹೊಲಿಯಬೇಕು. ನನ್ನ ಚೀಲ ಸಿಕ್ಕವರು ಅದನ್ನು ಬಿಚ್ಚಿ, "ಅಯ್ಯೋ, ಎಷ್ಟು ಚೆನ್ನಾಗಿದೆ!" ಅಂದರು. ನನಗೆ ಸಿಕ್ಕಿದ ಚೀಲ ಬಿಚ್ಚಿದೆ. ಒಳಗಿದ್ದದ್ದು ಕಳೆದ ವರ್ಷ ನಾನೇ ಪ್ರೀತಿಯಿಂದ ಆರಿಸಿ ಒಬ್ಬರಿಗೆ ಉಡುಗೊರೆ ಕೊಟ್ಟಿದ್ದ ಬಟ್ಟೆ. ಅವರು ಎದುರಿಗೇ ಕೂತಿದ್ದರು. ಇಬ್ಬರೂ ಸೂಜಿಗೆ ದಾರ ಪೋಣಿಸುವುದರಲ್ಲಿ ಬಹಳ ಹೊತ್ತು ಮಗ್ನರಾದೆವು.

ಇಲ್ಲಿ ನನ್ನ ಕೈಗುಣದ ಬಗ್ಗೆ ಸ್ವಲ್ಪ ಹೇಳಬೇಕು. ಕ್ವಿಲ್ಟ್ ಹೊಲಿಯುವವರಿಗೆ ಕಾಲು ಇಂಚು ಅನ್ನುವುದು ದೇವರಿದ್ದ ಹಾಗೆ. ಎರಡು ತುಂಡು ಸೇರಿಸುವಾಗ ಅಂಚಿನಿಂದ ಸರಿಯಾಗಿ ಕಾಲು ಇಂಚು ಒಳಗೆ ಹೊಲಿಗೆ ಬೀಳಬೇಕು. ನನ್ನದು ಕಾಲಿಗಿಂತ ಕೂದಲೆಳೆಯಷ್ಟು ಜಾಸ್ತಿ. ಅಳೆದರೆ ಇಂಚಿನ ಹದಿನಾರನೇ ಒಂದು ಪಾಲು ಮಾತ್ರ. ಅಷ್ಟಕ್ಕೇನು ಅನ್ನಬೇಡಿ. ಒಂದು ಹೊಲಿಗೆ ಎರಡೂ ಕಡೆಯಿಂದ ತಿನ್ನುತ್ತದೆ, ಅಲ್ಲಿಗೆ ಇಂಚಿನ ಎಂಟನೇ ಒಂದು ಪಾಲು ಹೋಯಿತು. ಎಂಟು ತುಂಡುಗಳ ಸಾಲಿನಲ್ಲಿ ಏಳು ಹೊಲಿಗೆ. ಹನ್ನೆರಡೂವರೆ ಇಂಚು ಬರಬೇಕಾದ ಬ್ಲಾಕ್, ಅಂದರೆ ಹೀಗೆ ತುಂಡು ಸೇರಿಸಿ ಮಾಡಿದ ಚೌಕ, ಹನ್ನೊಂದೂ ಮುಕ್ಕಾಲು ಇಂಚನ್ನೂ ಮುಟ್ಟುವುದಿಲ್ಲ. ಹಾಗಾಗಿ ನನ್ನ ಪೆಟ್ಟಿಗೆಯಲ್ಲಿ ಅತಿ ಹೆಚ್ಚು ಸವೆದ ಸಾಮಾನು ಹೊಲಿಗೆ ಬಿಚ್ಚುವ ಕಡ್ಡಿ.

ಇದಕ್ಕಿಂತ ದೊಡ್ಡ ಖ್ಯಾತಿ ನನ್ನ ಬಾರ್ಡರ್‌ಗಳದ್ದು. ಬಾರ್ಡರ್ ಹಚ್ಚುವ ಮುಂಚೆ ಕ್ವಿಲ್ಟನ್ನು ಅಂಚಿನಲ್ಲಿ ಅಲ್ಲ, ನಟ್ಟನಡುವೆ ಅಳೆಯಬೇಕು. ಅಂಚು ಎಳೆದು ಎಳೆದು ಸಡಿಲವಾಗಿರುತ್ತದೆ. ನಡುವಿನ ಅಳತೆಗೆ ಪಟ್ಟಿ ಕತ್ತರಿಸಿ, ಅದಕ್ಕೆ ಅಂಚನ್ನು ಹೊಂದಿಸಿ ಹೊಲಿದರೆ ಕ್ವಿಲ್ಟ್ ಚಪ್ಪಟೆಯಾಗಿ ಮಲಗುತ್ತದೆ. ಅಳೆಯದೆ, ಉದ್ದದ ಪಟ್ಟಿ ಇಟ್ಟುಕೊಂಡು ಹೊಲಿಯುತ್ತ ಹೋಗಿ, ಕೊನೆಯಲ್ಲಿ ಉಳಿದದ್ದನ್ನು ಕತ್ತರಿಸಿದರೆ ಬಾರ್ಡರ್ ಅಲೆಅಲೆಯಾಗಿ ಏಳುತ್ತದೆ. ಇದು ನನಗೆ ಗೊತ್ತು. ಬೇರೆಯವರಿಗೆ ಹೇಳಿಕೊಟ್ಟಿದ್ದೇನೆ ಕೂಡ. ಮೂರನೆಯ ಗುಂಪಿನಲ್ಲಿ ಮೊದಲ ಸಲ ನನ್ನ ಕೆಲಸ ತೋರಿಸಿದಾಗ ದುಂಡು ಕನ್ನಡಕದವರೊಬ್ಬರು ಬಾರ್ಡರ್ ಸವರಿ ನೋಡಿ ಕೇಳಿದರು: "ಇದು ಸಮುದ್ರದ ವಿನ್ಯಾಸವೇ?" ಅವರಿಗೆ ವ್ಯಂಗ್ಯ ಬರುವುದಿಲ್ಲ, ನಿಜಕ್ಕೂ ಕೇಳಿದ್ದು. ನಾನು ಹೌದು ಅಂದೆ.

ಆ ಗುಂಪಿನಲ್ಲಿ ನಡೆಯುತ್ತಿದ್ದದ್ದು ಸುತ್ತುಪಾಳಿ. ಪ್ರತಿಯೊಬ್ಬರೂ ಒಂದು ನಡುಭಾಗ ಹೊಲಿದು ಪಕ್ಕದವರಿಗೆ ಕೊಡಬೇಕು. ಅವರು ಒಂದು ಸುತ್ತು ಬಾರ್ಡರ್ ಹಚ್ಚಿ ಮುಂದಿನವರಿಗೆ ದಾಟಿಸಬೇಕು. ಹೀಗೆ ಎಲ್ಲರ ಕೈ ದಾಟಿ, ದೊಡ್ಡದಾಗಿ, ಕೊನೆಗೆ ಯಜಮಾನರ ಕೈಗೇ ಬರುತ್ತದೆ. ದುಂಡು ಕನ್ನಡಕದವರ ನಡುಭಾಗ ಎಲ್ಲರ ಕಣ್ಣು ಕುಕ್ಕುವಂತಿತ್ತು. ಎಂಟು ಮೂಲೆಯ ನಕ್ಷತ್ರ, ಸುತ್ತ 'ಹಾರುವ ಬಾತು' ಅಂತ ಕರೆಯುವ ತ್ರಿಕೋನಗಳ ಸಾಲು. ಒಂದು ತ್ರಿಕೋನದ ತುದಿಯೂ ಹೊಲಿಗೆಯೊಳಗೆ ಮುಚ್ಚಿಹೋಗಿರಲಿಲ್ಲ. ಅವರ ಕಾಲು ಇಂಚು ಕಾಲು ಇಂಚೇ.

ನಾಲ್ಕನೇ ತಿಂಗಳಿಗೆ ಅದು ಕಾಣೆಯಾಯಿತು.

ಯಾರ ಪಾಳಿಯಲ್ಲಿ ಹೋಯಿತು ಅಂತ ಯಾರಿಗೂ ನೆನಪಿಲ್ಲ. "ನಾನು ಕೊಟ್ಟೆ" ಅಂತ ಒಬ್ಬರು, "ಯಾರಿಗೆ?" ಅಂತ ಇನ್ನೊಬ್ಬರು. ಪಟ್ಟಿ ಬರೆದಿಡುತ್ತೇನೆ ಅಂದಿದ್ದವರು ಪಟ್ಟಿಯನ್ನೇ ಕಳೆದಿದ್ದರು. ಆವತ್ತು ನಾನು ಮಾತಾಡಿದೆ. ಯಾಕೆ ಮಾತಾಡಿದೆನೋ. "ಬೇರೆಯವರ ಕೆಲಸ ಮನೆಗೆ ತೆಗೆದುಕೊಂಡು ಹೋದ ಮೇಲೆ ಸ್ವಲ್ಪ ಜವಾಬ್ದಾರಿ ಬೇಕು. ನಾನಂತೂ ಅಂಥದ್ದನ್ನು ಬೇರೆಯೇ ಇಡುತ್ತೇನೆ" ಅಂದೆ. ನಾಲ್ಕು ಜನ ತಲೆಯಾಡಿಸಿದರು. ಅದರಿಂದ ಉತ್ಸಾಹ ಬಂದು ಇನ್ನೂ ಎರಡು ವಾಕ್ಯ ಸೇರಿಸಿದೆ. ದುಂಡು ಕನ್ನಡಕದವರ ಕೈ ಹಿಡಿದು ಸಮಾಧಾನ ಹೇಳಿದವಳೂ ನಾನೇ.

ಅದಾದ ಮೇಲೆ ಹೊಸ ವರ್ಷ ಬಂತು. ಮೂರನೆಯ ಗುಂಪಿನವರು, ಈ ವರ್ಷ ಹೊಸದು ಏನೂ ಬೇಡ, ಹಳೆಯದು ಮುಗಿಸೋಣ ಅಂದರು. ಪ್ರತಿಯೊಬ್ಬರೂ ಅರ್ಧಕ್ಕೆ ನಿಂತ 12 ಕೆಲಸಗಳ ಪಟ್ಟಿ ಮಾಡಿ, ಒಂದರಿಂದ ಹನ್ನೆರಡರವರೆಗೆ ನಂಬರು ಹಾಕಬೇಕು. ತಿಂಗಳಿಗೊಂದು ಚೀಟಿ ಎತ್ತುತ್ತಾರೆ. ಬಂದ ನಂಬರಿನ ಕೆಲಸ ಆ ತಿಂಗಳೊಳಗೆ ಮುಗಿಯಬೇಕು. ಕೆಲವರಿಗೆ 12 ಕೆಲಸ ಹೊಂದಿಸುವುದೇ ಕಷ್ಟವಾಯಿತು. ಅಂಥವರೂ ಜಗತ್ತಿನಲ್ಲಿದ್ದಾರೆ. ನನಗೆ 19ರಲ್ಲಿ ಏಳನ್ನು ಬಿಡುವುದು ಕಷ್ಟವಾಯಿತು.

ಹನ್ನೆರಡು ಚೀಲಗಳಿಗೆ ಬರೀ ಕಾಗದದ ಚೀಟಿ ಅಂಟಿಸಿದರೆ ಚೆನ್ನಾಗಿರುವುದಿಲ್ಲ ಅನ್ನಿಸಿತು. ಪುಟ್ಟ ಬಟ್ಟೆ ತುಂಡುಗಳ ಮೇಲೆ ನಂಬರುಗಳನ್ನು ಕಸೂತಿಯಲ್ಲಿ ಹೊಲಿಯೋಣ ಅಂತ ಕೂತೆ. ಎಂಟರವರೆಗೆ ಬಂದೆ. ಬೀರುವಿನಲ್ಲಿ ಈಗ ಇಪ್ಪತ್ತು ಕೆಲಸ.

ಮೊದಲ ಚೀಟಿಗೆ ಏಳು ಬಂತು. ಒಳಗೊಳಗೇ ಖುಷಿಪಟ್ಟೆ. ಏಳು ಅಂದರೆ ಕೈಚೀಲದಳತೆಯ ಪುಟ್ಟ ಹಸಿರು ಕ್ವಿಲ್ಟ್, ಎರಡು ಸಂಜೆಯ ಕೆಲಸ. ಮನೆಗೆ ಬಂದು ಬೀರುವಿನ ಬಾಗಿಲಿಗೆ ಮೊಣಕಾಲು ಕೊಟ್ಟು, ಏಳನೇ ಚೀಲ ಎಳೆದು, ಹಾಸಿಗೆಯ ಮೇಲೆ ಸುರಿದೆ.

ಹಸಿರು ಬಿತ್ತು. ಅದರ ಹಿಂದೆಯೇ ಎಂಟು ಮೂಲೆಯ ನಕ್ಷತ್ರ ಬಿತ್ತು.

ನಾನು ಬಾಗಿಲು ಹಾಕಿಕೊಂಡೆ. ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಹಾಕಿಕೊಂಡೆ. ನಿಧಾನವಾಗಿ ನೆನಪಾಯಿತು. ಅದನ್ನು ತಂದ ದಿನ 'ಬೇರೆಯೇ ಇಡಬೇಕು' ಅಂತ ಹಾಸಿಗೆಯ ಮೇಲೆ ಹರಡಿದ್ದೆ. ಹೇಳದೆ ಕೇಳದೆ ನೆಂಟರು ಬಂದಿದ್ದರು. ಹಾಸಿಗೆಯ ಮೇಲಿದ್ದದ್ದೆಲ್ಲ ಎರಡೇ ಕ್ಷಣದಲ್ಲಿ ಹತ್ತಿರದ ಚೀಲಕ್ಕೆ ಹೋಗಿತ್ತು. ಆ ಎರಡು ಕ್ಷಣ ನನ್ನ ತಲೆಯಿಂದ ಪೂರ್ತಿ ಅಳಿಸಿಹೋಗಿತ್ತು. ಜವಾಬ್ದಾರಿಯ ಬಗ್ಗೆ ಆಡಿದ ಮಾತು ಮಾತ್ರ ಒಂದಕ್ಷರ ಬಿಡದೆ ನೆನಪಿತ್ತು. ಆ ಕೊನೆಯ ಎರಡು ವಾಕ್ಯ ಕೂಡ.

ರಾತ್ರಿ ಗಂಡನಿಗೆ ಹೇಳಿದೆ. ಅವರು ಯೋಚಿಸಿ, "ಹಾಗಾದ್ರೆ 24" ಅಂದರು.

ಒಪ್ಪಿಕೊಳ್ಳುವುದೋ ಬಿಡುವುದೋ ಅಂತ ಎರಡು ದಿನ ಒದ್ದಾಡಿದೆ. ಕೊನೆಗೆ ನಡುವಿನ ದಾರಿ ಹಿಡಿದೆ. ನನ್ನ ಪಾಲಿನ ಬಾರ್ಡರ್ ಅಚ್ಚುಕಟ್ಟಾಗಿ ಹಚ್ಚುವುದು. ಮುಂದಿನ ಸಲ ಎಲ್ಲರಿಗಿಂತ ಮುಂಚೆ ಹೋಗಿ ಮೇಜಿನ ಮೇಲಿನ ರಾಶಿಯೊಳಗೆ ಸೇರಿಸುವುದು. ಎಲ್ಲರ ಜೊತೆ ನಾನೂ ಆಶ್ಚರ್ಯಪಡುವುದು. ಆಶ್ಚರ್ಯವನ್ನು ಕನ್ನಡಿಯ ಮುಂದೆ ಒಂದೆರಡು ಸಲ ಮಾಡಿ ನೋಡಿದೆ. ಹುಬ್ಬು ತೀರಾ ಮೇಲೆ ಹೋಗುತ್ತಿತ್ತು.

ಈ ಸಲ ಎಲ್ಲ ನಿಯಮದ ಪ್ರಕಾರ. ಮಿಷನ್‌ಗೆ ಹೊಸ ಸೂಜಿ ಹಾಕಿದೆ. ಎಂಟು ಗಂಟೆ ಹೊಲಿದ ಮೇಲೆ ಸೂಜಿ ಬದಲಿಸಬೇಕು ಅನ್ನುತ್ತಾರೆ, ನಾನು ಸಾಮಾನ್ಯವಾಗಿ ಮುರಿದ ಮೇಲೆ ಬದಲಿಸುವವಳು. ಬಟ್ಟೆಗೆ ಇಸ್ತ್ರಿ ಮಾಡಿದೆ, ಎಳೆಯದೆ, ಬರೀ ಒತ್ತಿ. ನಟ್ಟನಡುವೆ ಅಳೆದೆ. ಎಡಕ್ಕೂ ಬಲಕ್ಕೂ ಅರ್ಧ ಇಂಚು ವ್ಯತ್ಯಾಸ ಸಿಕ್ಕಿತು. ನನಗಿಂತ ಮುಂಚೆ ಬಾರ್ಡರ್ ಹಚ್ಚಿದವರಲ್ಲೂ ಯಾರೋ ನನ್ನಂಥವರು ಇದ್ದರು ಅಂತ ಗೊತ್ತಾಗಿ ಬಹಳ ಹಾಯೆನಿಸಿತು. ಪಟ್ಟಿ ಕತ್ತರಿಸಿ, ಅರ್ಧಕ್ಕೆ ಗುರುತು, ಕಾಲು ಭಾಗಕ್ಕೆ ಗುರುತು, ಅಲ್ಲಲ್ಲಿ ಪಿನ್ನು. ಮೊದಲ ಬದಿ ಚಪ್ಪಟೆ. ಎರಡನೇದೂ ಚಪ್ಪಟೆ. ಮೂರನೇ ಬದಿಯಲ್ಲಿ ಬಾಬಿನ್ ದಾರ ಮುಗಿದದ್ದು ಗೊತ್ತಾಗದೆ ಒಂದು ಮೊಳದಷ್ಟು ಗಾಳಿಯನ್ನೇ ಹೊಲಿದೆ. ಮತ್ತೆ ದಾರ ತುಂಬಿ ಅದನ್ನೂ ಸರಿಮಾಡಿದೆ. ಚಪ್ಪಟೆ.

ಅಷ್ಟು ಹೊತ್ತಿಗೆ ರಾತ್ರಿ ಹನ್ನೆರಡು ದಾಟಿತ್ತು. ಉಳಿದದ್ದು ಒಂದೇ ಬದಿ. ಟೇಪು ಎಲ್ಲೋ ಬಟ್ಟೆಯ ಅಡಿಗೆ ಹೋಗಿತ್ತು. ಹುಡುಕಲು ಏಳಬೇಕಿತ್ತು, ಎದ್ದರೆ ಮಂಡಿ ಸದ್ದು ಮಾಡುತ್ತಿತ್ತು. ಒಂದು ಬದಿ ತಾನೇ, ಅಂದುಕೊಂಡೆ. ಉದ್ದದ ಪಟ್ಟಿ ಇಟ್ಟು, ಹೊಲಿಯುತ್ತ ಹೋಗಿ, ಉಳಿದದ್ದನ್ನು ಕತ್ತರಿಸಿದೆ.

ಮುಂದಿನ ಸಭೆಗೆ ಅರ್ಧ ಗಂಟೆ ಮುಂಚೆ ಹೋದೆ. ಮಡಿಸಿದ ಕ್ವಿಲ್ಟನ್ನು ರಾಶಿಯ ನಡುವೆ ತೂರಿಸಿ, ಕಿಟಕಿಯ ಹತ್ತಿರ ಹೋಗಿ ಕೂತೆ. ಜನ ಬಂದರು. ಯಾರೋ ರಾಶಿ ಬಿಡಿಸಿದರು. "ಸಿಕ್ತು! ಸಿಕ್ತು!" ಅಂತ ಗದ್ದಲ ಎದ್ದಿತು. ನಾನೂ ಹುಬ್ಬೇರಿಸಿ ಓಡಿದೆ.

ದುಂಡು ಕನ್ನಡಕದವರು ಏನೂ ಮಾತಾಡಲಿಲ್ಲ. ಕ್ವಿಲ್ಟನ್ನು ಮೇಜಿನ ಮೇಲೆ ಹರಡಿದರು. ನಕ್ಷತ್ರವನ್ನು ಒಮ್ಮೆ ಮುಟ್ಟಿದರು. ಆಮೇಲೆ ಅಂಗೈಯಿಂದ ಹೊಸ ಬಾರ್ಡರನ್ನು ಸವರುತ್ತ ಬಂದರು. ಒಂದು ಬದಿ, ಎರಡನೇ ಬದಿ, ಮೂರನೇ ಬದಿ. ಅಲ್ಲಿ ಯಾರೋ, "ಹಚ್ಚಿದೋರು ಯಾರೋ, ಎಷ್ಟು ನೀಟಾಗಿದೆ" ಅಂದರು. ನಾಲ್ಕನೇ ಬದಿಗೆ ಬಂದಾಗ ಕೈ ನಿಂತಿತು. ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದರು. ಅಂಚನ್ನು ಮೆಲ್ಲಗೆ ಒತ್ತಿದರು. ಒಂದು ಅಲೆ ಇಲ್ಲಿ ಕೂತು ಅಲ್ಲಿ ಎದ್ದಿತು.

ತಲೆಯೆತ್ತಿ, ಬೇರೆ ಯಾರ ಮುಖವನ್ನೂ ನೋಡದೆ, ನೇರ ನನ್ನ ಕಡೆ ತಿರುಗಿದರು.

"ಸಮುದ್ರ" ಅಂದರು.